ಟೆಸ್ಟಿಗಿಟ್ಟ ಟಿವಿ

ರಿಪೇರಿಯಾದ ಸೆಟ್ಟನ್ನು ಎರಡು ಗಂಟೆ ಓಡಿಸದೆ
ಯಾರಿಗೂ ಕೊಡುವುದಿಲ್ಲ ನಾನು.
ವಾರ್ತೆ ಹಾಕಿದರೆ ಏನೂ ತಿಳಿಯದು,
ಆ ಗಂಟಲಿಗೆ ಆಳವೂ ಇಲ್ಲ, ಎತ್ತರವೂ ಇಲ್ಲ.
ಕ್ರಿಕೆಟ್ ಹಾಕಿದರೆ ಬೆಂಚು ಮುರಿಯುತ್ತದೆ.
ಹಾಗಾಗಿ ಕೊಡೆಯನ್ನು ಒಂದಿಷ್ಟು ಪಡುವಣಕ್ಕೆ ತಿರುಗಿಸಿ
ಯಾವುದೋ ದೇಶದ ಚಾನೆಲ್ಲು ಹಿಡಿಯುತ್ತೇನೆ:
ಕರಿ ಕೋಟಿನ ನೂರು ಜನ,
ಒಬ್ಬರೂ ನಗುವುದಿಲ್ಲ,
ಪರೀಕ್ಷೆಯ ಹಿಂದಿನ ರಾತ್ರಿಯ ಹಾಗೆ ಪುಸ್ತಕ ನೋಡುತ್ತಾರೆ.
ಪಿಟೀಲು ಸ್ಪೀಕರಿನ ಮೇಲ್ತುದಿ ಹೇಳುತ್ತದೆ,
ಆಳೆತ್ತರದ ಪಿಟೀಲು ಕೆಳತುದಿ.
ನಡುವೆ ಎಲ್ಲರೂ ಉಸಿರು ಹಿಡಿಯುವ ಗಳಿಗೆಯೊಂದಿದೆ,
ಆಗ ಗುಂಯ್ ಎಂದರೆ
ಕೆಪಾಸಿಟರ್ ಹೋಗಿದೆ ಎಂದರ್ಥ.

ವಿರಾಜಪೇಟೆಯ ಗಡಿಯಾರ ಕಂಬದ ಹಿಂದಿನ ಓಣಿಯಲ್ಲಿ
ಹನ್ನೊಂದು ವರ್ಷದಿಂದ ಹೀಗೇ ಕೇಳುತ್ತಿದ್ದೇನೆ.
ಒಂದರ ಹೆಸರೂ ಗೊತ್ತಿಲ್ಲ.

ಆ ಸಲದ ಟಿವಿ ನರ್ಸ್ ಫಿಲೋಮಿನಾ ಅವರದು.
ದೂರು: ಗರಗರ.
ಮೂರು ಸಲ ಬಿಚ್ಚಿದ್ದೆ. ಕೋನ್ ಬದಲಿಸಿದ್ದೆ.
ಒಳಗಿಂದ ಒಣಗಿದ ಹಲ್ಲಿ ಒಂದು,
ಯಾವುದೋ ಮಗುವಿನ ಹಾಲುಹಲ್ಲು ಒಂದು ತೆಗೆದಿದ್ದೆ.
ನಿಂತಿತು ಅಂದುಕೊಂಡು ಓಡಬಿಟ್ಟಿದ್ದೆ.

ಒಂಬತ್ತೂವರೆಗೆ ಮೇದರ ಮುತ್ತ ಬಂದ.
ಬಿಟ್ಟಂಗಾಲದ ಕಡೆ ಜೋಡಿ ಗುಂಡು ಹಾರಿದ ಮನೆ,
ಬೆಳಗಿನಿಂದ ಬಡಿದ ಕೈ.
ಕೊನೆಯ ಬಸ್ಸಿಗೆ ಹೊತ್ತಿತ್ತು.
ಮಂಜಿಗೆ ಚರ್ಮ ಸಡಿಲಾಗಿದೆ, ಎಂದ,
ಬೆಂಕಿಗಾಗಿ ಸುತ್ತ ನೋಡಿದ,
ಟಿವಿಯ ನೆತ್ತಿ ಮುಟ್ಟಿದ.
ಬೆಚ್ಚಗಿತ್ತು.
ಎಳೆ ಕರುವನ್ನು ಬಿಸಿಲಿಗೆ ಕಟ್ಟುವಂತೆ
ಡೋಲನ್ನು ಅದರ ಮೇಲೆ ಇಟ್ಟು ಕೂತ.

ಕೋಲು ಹಿಡಿದವನನ್ನು ತೋರಿಸಿ ಕೇಳಿದ,
ಇವನೇನೂ ಬಾರಿಸೋದಿಲ್ವಾ?
ಮೇಸ್ತ್ರಿ, ಎಂದೆ.
ತೋಟದಲ್ಲೂ ಹಾಗೇ, ಎಂದ.

ಆಮೇಲೆ ಕ್ಯಾಮೆರಾ ಹಿಂದಿನ ಸಾಲಿಗೆ ಹೋಯಿತು.
ನೀರು ಕಾಯಿಸುವ ತಾಮ್ರದ ಹಂಡೆಗಳಂಥ ನಾಲ್ಕು ನಗಾರಿ,
ನಡುವೆ ಒಬ್ಬ ಬಕ್ಕತಲೆಯವ.
ಮುಂದಿನವರೆಲ್ಲ ಮೈಮೇಲೆ ಬಂದವರಂತೆ ತೂಗುತ್ತಿದ್ದರೆ
ಇವನು ಬಗ್ಗಿ, ಕಿವಿಯನ್ನು ಚರ್ಮಕ್ಕೆ ಕೊಟ್ಟು
ಒಂದೇ ಬೆರಳಲ್ಲಿ, ಯಾರಿಗೂ ಕೇಳದಂತೆ ತಟ್ಟಿ
ಏನೋ ವಿಚಾರಿಸುತ್ತಿದ್ದ.
ಮುತ್ತ ಚಹಾದ ಗ್ಲಾಸು ಕೆಳಗಿಟ್ಟ.
ಅವನೂ ಕೇಳ್ತಾನೆ, ಎಂದ.
ಅದೂ ಎಲ್ಲರ ಎದುರಿಗೆ.
ನಾವು ಕೊಟ್ಟಿಗೆ ಹಿಂದೆ ಹೋಗಿ ಕೇಳ್ಕೊಂಡು ಬರ್ಬೇಕು.
ಸ್ವಲ್ಪ ಹೊತ್ತು ಬಿಟ್ಟು,
ಅವನಿಗೆ ಊಟ ಎಲ್ಲಿ ಹಾಕ್ತಾರೆ?
ನನಗೆ ಗೊತ್ತಿರಲಿಲ್ಲ.

ಕ್ಯಾಮೆರಾ ಅವನನ್ನು ಬಿಟ್ಟು ಯಾರದೋ ಕೊಳಲಿಗೆ ಬಂತು,
ಕೊಳಲಿನ ಬೆರಳಿನ ಉಂಗುರಕ್ಕೆ.
ಮುತ್ತ ಕತ್ತು ಚಾಚಿ ಟಿವಿಯ ಅಂಚಿನಾಚೆ ಇಣುಕಿದ,
ನಗಾರಿಯವ ಅಲ್ಲೇ ಗೋಡೆಯ ಮರೆಯಲ್ಲಿರುವಂತೆ.
ಕೊನೆಗೂ ಅವನು ಬಾರಿಸಿದ.
ತೋರಿಸಿದ್ದು ಮೇಸ್ತ್ರಿಯ ಬೆವರು.
ಸದ್ದು ಮಾತ್ರ ನೆಲದಿಂದ ಎದ್ದು ಬಂತು,
ಮರದ ಲಾರಿ ಪೆರುಂಬಾಡಿ ಘಾಟಿ ಹತ್ತುವ ಹಾಗೆ,
ಅದರ ಜೊತೆಗೇ ಶುರುವಾಯಿತು
ಗರಗರ.

ಸ್ಕ್ರೂಡ್ರೈವರಿಗೆ ಕೈ ಹಾಕಿದೆ,
ಬಾಯಿಗೆ ಬಂದಂತೆ ಬೈದೆ ಕಂಪೆನಿಯವರನ್ನು.
ಮುತ್ತ ಎದ್ದು ಬಂದು
ಅಂಗೈಯನ್ನು ಡೋಲಿನ ಮೇಲಿಟ್ಟ.
ನಿಂತಿತು.
ತೆಗೆದ. ಗರಗರ.
ಇಟ್ಟ. ತೆಗೆದ.
ಯಾರೂ ಮುಟ್ಟದ ಚರ್ಮ,
ಪರದೆಯಲ್ಲಿ ಕಾಣದವನ ಪೆಟ್ಟಿಗೆ
ಇಲ್ಲಿಂದಲೇ ಓಗೊಡುತ್ತಿತ್ತು.
ನಾವಿಬ್ಬರೂ ಸುಮ್ಮನೆ ನಿಂತು ಕೇಳಿದೆವು,
ಅವರು ಮುಗಿಸುವ ತನಕ.
ಅಲ್ಲಿ ಚಪ್ಪಾಳೆ ಬಿತ್ತು.

ಬಸ್ಸು ಹಾರ್ನ್ ಹಾಕಿತು.
ಅವನು ಡೋಲನ್ನು ಹೆಗಲಿಗೇರಿಸಿ ಮೆಟ್ಟಿಲಿಳಿದವನು
ಬೀದಿದೀಪದ ಕೆಳಗೆ, ಬಸ್ಸಿನ ಕಿಟಕಿಗಳ ಎದುರಿಗೇ ನಿಂತು
ಕಿವಿ ಕೊಟ್ಟು ಒಂದು ಬೆರಳು ತಟ್ಟಿದ.
ಕಂಡಕ್ಟರ್ ಕೂಗಿದ.
ಇನ್ನೊಮ್ಮೆ ತಟ್ಟಿ ಹತ್ತಿದ.

ಫಿಲೋಮಿನಾ ಇನ್ನೂರೈವತ್ತು ಕೊಟ್ಟು ಸೆಟ್ಟು ಒಯ್ದರು.
ವಾರದ ಮೇಲೆ ಫೋನು:
ಗರಗರ ಇಲ್ಲ ಮಾರಾಯ್ರೆ, ಆದ್ರೆ
ಮೇಲ್ಗಡೆ ಏನೋ ಉರುಟು ಗುರುತು,
ಒರೆಸಿದ್ರೂ ಹೋಗ್ತಿಲ್ಲ,
ನಿಮ್ಮಲ್ಲಿ ಬಿಸಿ ಪಾತ್ರೆ ಏನಾದ್ರೂ ಇಟ್ಟಿದ್ರಾ?