ಹೆಗ್ಗಣದ ಪಾಳಿ

ಮೂವತ್ತು-ನಲವತ್ತರ ಸೈಟು, ಮೇಲೆ ಆರು ಮಹಡಿ,
ಏಳನೆಯದಕ್ಕೆ ಕಂಬಿ ಕಟ್ಟಿದ್ದರು.
ಥಣಿಸಂದ್ರದ ಹಿಂದೆ, ಒಂದು ಕಾಲಕ್ಕೆ ಕೆರೆಯಂಗಳ.
ಮುಂಗಾಲು ಮಡಚಿದ ಎಮ್ಮೆಯ ಹಾಗೆ
ಮುಂಭಾಗ ಮೊದಲು ಕೂತು, ಆಮೇಲೆ ಉಳಿದದ್ದು.
ನಾವು ಹೋದಾಗ ಧೂಳು ಇನ್ನೂ ಇಳಿದಿರಲಿಲ್ಲ.
ಎದುರು ಬೇಕರಿಯವನು ಬನ್ನುಗಳನ್ನು ನೆಲಕ್ಕೆ ಸುರಿದು
ಇಟ್ಟಿಗೆ ಹೊರಲು ಟ್ರೇ ಕೊಟ್ಟ.

ಇಪ್ಪತ್ತೆರಡು ವರ್ಷದ ಸರ್ವಿಸು. ನನಗೆ ಗೊತ್ತಿದ್ದ ಯಂತ್ರ ಒಂದೇ:
ಎಲ್ಲರೂ ಸುಮ್ಮನಿರಿ ಎಂದು ಕೂಗುವುದು,
ಸುತ್ತಿಗೆಯಿಂದ ಕಂಬಕ್ಕೆ ಮೂರು ಸಲ ತಟ್ಟಿ
ಕಿವಿ ಹಚ್ಚಿ
ಕಾಯುವುದು.

ಈ ಸಲ ಹೆಗ್ಗಣ ಇತ್ತು.
ಕಾಗದದಲ್ಲಿ ಅದಕ್ಕೇನೋ ಉದ್ದದ ಹೆಸರು, ನಂಬರು;
ಚೂಪು ಮೂತಿ, ಬಾಲದಂಥ ತಂತಿ, ಸಂದು ಕಂಡಲ್ಲಿ ನುಗ್ಗುವ ಚಾಳಿ,
ಫೆಲಿಕ್ಸ್ ಇಟ್ಟ ಹೆಸರೇ ನಿಂತಿತು.
ಠಾಣೆಗೆ ಬಂದ ದಿನ ಅದರ ಮುಂದೆ ನಿಂಬೆಹಣ್ಣಿಟ್ಟಿದ್ದೆವು.
ಹತ್ತಿ ತುಳಿಯಲಿಲ್ಲ. ಅಡ್ಡಿಯೆಂದು ಬಗೆದು
ಬಳಸಿಕೊಂಡು ಹೋಯಿತು.

ಹದಿನಾಲ್ಕು ಅಡಿಗೆ ತಂತಿ ತುಂಡಾಯಿತು.
ಇನ್ನು ಅದರ ಬುದ್ಧಿ ಅದಕ್ಕೆ.
ರೇಡಿಯೋ ಕೆಮ್ಮುತ್ತಿತ್ತು.
'ಬಿಡಿ ಸಾರ್, ದಾರಿ ಅದೇ ಹುಡುಕ್ಕೊಳತ್ತೆ' ಅಂದಳು
ಇಂಜಿನಿಯರ್ ಹುಡುಗಿ ಮೈಥಿಲಿ, ಉಗುರು ಕಚ್ಚುತ್ತ.

ಪರದೆಯ ಮೇಲೆ ಒಂದು ಬೂದು ಚುಕ್ಕಿ.
ಸ್ವಲ್ಪ ಹೊತ್ತಿಗೆ ಇನ್ನೊಂದು.
'ಶಾಖವಿಲ್ಲ' ಎಂದು ಬರೆದು ಮುಂದಕ್ಕೆ ಹೊರಟಿತು.
ನಾನಾಗಿದ್ದರೆ ಒಂದು ಗಳಿಗೆ ನಿಲ್ಲುತ್ತಿದ್ದೆ,
ಮುಖಕ್ಕೆ ಟವೆಲಾದರೂ ಎಳೆಯುತ್ತಿದ್ದೆ.
ಆ ಗಳಿಗೆಯನ್ನು ಅದು ಉಳಿಸಿಕೊಂಡಿತು.
ಲೆಕ್ಕ ಸರಿಯೇ. ಆದರೂ
ಒದೆಯಬೇಕೆನಿಸಿತು.

'ಯಾರಾದರೂ ಇದ್ದೀರಾ? ದಯವಿಟ್ಟು ಉತ್ತರಿಸಿ.'
ಕಂಟ್ರೋಲ್ ರೂಮಿನ ನಗೀನಾ ಮೇಡಂ ತುಂಬಿಸಿಕೊಟ್ಟ ದನಿ,
ಇಸ್ತ್ರಿ ಹಾಕಿದಷ್ಟು ಚೊಕ್ಕ.
ನಲವತ್ತು ನಿಮಿಷ ಅದೇ ಕೇಳಿ ಕೇಳಿ,
ಕೊನೆಗೆ, ಮರಳು ಜರಡಿ ಹಿಡಿದಂತೆ:

'ಯಾರದೀಯವ್ವಾ? ಕಾಲ್ ಸಿಕ್ಕೊಂಡೈತಿ ನಂದು.'
'ಅರ್ಥವಾಗಲಿಲ್ಲ. ದಯವಿಟ್ಟು ಮತ್ತೊಮ್ಮೆ ಹೇಳಿ.'
'ಕಾಲ! ಕಾಲ್ ಸಿಕ್ಕೊಂಡೈತಿ ಅಂದ್ನಿ!'
'ಅರ್ಥವಾಗಲಿಲ್ಲ. ದಯವಿಟ್ಟು—'
'ನಿನ್ ಬಾಯಾಗ ಮಣ್ಣ ಬೀಳ್ಲಿ! ಎಷ್ಟ್ ಸಲ ಹೇಳ್ಬೇಕ?
ಕನ್ನಡ ಬರಂಗಿಲ್ಲೇನ ನಿನಗ?'

ಮಣ್ಣು ಬಿದ್ದಿದ್ದ ಬಾಯಿ ಅವಳದು.
ಬೈಗುಳ ಬಂದ ಕಡೆಗೆ ಹೆಗ್ಗಣ ಮೂತಿ ತಿರುಗಿಸಿತು;
ಮಾತು ತಿಳಿಯದಿದ್ದರೂ ದಿಕ್ಕು ತಿಳಿಯಿತು.
ಒಂದೊಂದು ಬೈಗುಳಕ್ಕೂ ಕೆಂಪು ಚುಕ್ಕಿ
ಒಂದೊಂದು ಗೇಣು ಖಚಿತವಾಯಿತು.

'ಭಾಷೆ ಸರಿಮಾಡ್ತೀನಿ ಸಾರ್, ಎರಡು ನಿಮಿಷ' ಅಂದಳು ಮೈಥಿಲಿ.
ಬೇಡಮ್ಮ, ಅಂದೆ. ಅರ್ಥವಾಗದೇ ಇರಲಿ.
ಅರ್ಥವಾಯಿತೆಂದರೆ ಆಕೆ ಸಮಾಧಾನವಾಗುತ್ತಾಳೆ,
ಸಮಾಧಾನವಾದರೆ ಕಣ್ಣು ಮುಚ್ಚುತ್ತಾಳೆ.
ಕೇಳುತ್ತಲೇ ಇರಲಿ ಅದು. ಬೈಯುತ್ತಲೇ ಇರಲಿ ಇವಳು.

ಐದು ಗಂಟೆ ಕೊರೆದೆವು.
ಬೈದಳು ಹುಲಿಗೆವ್ವ, ಕುಷ್ಟಗಿ ಕಡೆಯವಳು,
ಮೇಸ್ತ್ರಿಯನ್ನು, ಬಾರದ ಬಟವಾಡೆಯನ್ನು,
ಸತ್ತ ಅತ್ತೆಯನ್ನೂ ಬಿಡದೆ.
ಬ್ಯಾಟರಿ ಎಂಟಕ್ಕಿಳಿದರೆ ವಾಪಸು ಬರುವುದು ನಿಯಮ.
ಬರಲಿಲ್ಲ. ಬಂದ ದಾರಿ ಮುಚ್ಚಿತ್ತೋ,
ಬೇರೇನು ಲೆಕ್ಕ ಹಾಕಿತ್ತೋ, ಮೈಥಿಲಿಗೂ ತಿಳಿಯಲಿಲ್ಲ.
ನಾವು ತೂತು ಕೊರೆದು ಇಣುಕಿದಾಗ
ಅವಳ ಮಗ್ಗುಲಲ್ಲಿ
ಮಿಣುಕು ದೀಪವೊಂದು ಆರುವುದರಲ್ಲಿತ್ತು.

ಸ್ಟ್ರೆಚರಿನ ಮೇಲಿಂದ ನನ್ನ ತೋಳು ಹಿಡಿದುಕೊಂಡಳು:
'ನನ್ನ ಬಿಡ್ರಿ. ಆ ಹೆಣಮಗಳು ಒಳಗ ಅದಾಳ.
ಪಾಪ, ಕಿವಿ ಮಂದ ಐತಿ ಆಕೀಗ್.
ಮೊದಲ ಆಕೀನ್ ತಗೀರಿ.'
ತೆಗೀತೀವವ್ವ, ಅಂದೆ.

ಬಾಲ ಹಿಡಿದು ಎಳೆದು ತಂದ ಫೆಲಿಕ್ಸ್,
ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿದ.

ಎರಡು ಟವೆಲು ಹೆಗಲಿಗೆ ಹಾಕಿಕೊಂಡು
ನಾನು ಮತ್ತೆ ಒಳಗೆ ತೆವಳಿದೆ,
ಬೂದು ಚುಕ್ಕಿಗಳ ಕಡೆಗೆ.
ನಕ್ಷೆ ಸರಿಯಾಗಿತ್ತು.
ಒಂದು ಗೇಣೂ ತಪ್ಪಿರಲಿಲ್ಲ.