ಇಸ್ತ್ರಿ ಕೆಂಡದ ಬಂಗುಡೆ

ರಾತ್ರಿ ಎಂಟೂವರೆಗೆ ಕೊನೆಯ ಪ್ಯಾಂಟು ಮಡಚಿಟ್ಟಾಗ
ಪೆಟ್ಟಿಗೆಯೊಳಗೆ ಇನ್ನೂ ಎರಡು ಹಿಡಿ ಕೆಂಡ.
ದಿನಾ ನೀರು ಚಿಮುಕಿಸಿ ಆರಿಸಿಬಿಡುತ್ತೇನೆ.
ಇವತ್ತು ಆರಿಸಲಿಲ್ಲ.
ಇವತ್ತು ಬಂಡಿಯ ಕೆಳಗೆ ಬಕೆಟ್ಟಿನಲ್ಲಿ
ನಾಲ್ಕು ಬಂಗುಡೆ.

ಹಲಸೂರು ಮಾರ್ಕೆಟ್ಟಿನ ಸಗಾಯಮ್ಮ
ಕಿವಿರು ಎತ್ತಿ ತೋರಿಸಿದ್ದಳು: ನೋಡು, ದಾಸವಾಳ.
"ಹೊಟ್ಟೆ ಬಗೆದು ಕೊಡ್ತೀನಿ, ತಲೆ ಇರಲಾ?"
ಇರಲಿ ಅಂದೆ. ತಲೆ ಇಲ್ಲದ ಮೀನು
ಕಾಲರ್ ಇಲ್ಲದ ಅಂಗಿ.

ಪುಟ್ಟತಾಯಿಗೆ ಈ ವಾರ ಎರಡನೇ ಪಾಳಿ.
ಆಸ್ಪತ್ರೆಯ ಮೂರನೇ ಮಹಡಿ ಒರೆಸಿ, ಬಸ್ಸು ಹಿಡಿದು
ಜೋಗುಪಾಳ್ಯ ಸೇರುವಾಗ ಒಂಬತ್ತೂವರೆ ದಾಟುತ್ತದೆ.
ರಾತ್ರಿ ಅಡುಗೆ ನನ್ನದು ಎಂದು
ಬೆಳಿಗ್ಗೆ ಬಾಯಿ ತಪ್ಪಿ ಅಂದುಬಿಟ್ಟಿದ್ದೆ.
ನಕ್ಕಳೋ ಇಲ್ಲವೋ ಗೊತ್ತಾಗಲಿಲ್ಲ,
ಬಾಯಲ್ಲಿ ಹೇರ್‌ಪಿನ್ನು ಕಚ್ಚಿಕೊಂಡಿದ್ದಳು.

ತೊಂದರೆ ಏನೆಂದರೆ, ಮನೆ ಅಂದರೆ ಒಂದೂವರೆ ಕೋಣೆ,
ಅದರಲ್ಲಿ ಅಪಾರ್ಟ್‌ಮೆಂಟಿನವರ ಐವತ್ತೆರಡು ಬಟ್ಟೆ.
ಹೊಗೆ ಹತ್ತಿದರೆ ಗಿರಾಕಿ ಹೋದ.
ವನಜಾ ಗಂಟಿಗೆ ಎರಡು ದುಪ್ಪಟಿ ಸುತ್ತಿ
ಬಚ್ಚಲ ಹಲಗೆಯ ಮೇಲಿಟ್ಟು ಚಿಲಕ ಹಾಕಿದಳು.
ಲೋಹಿತನಿಗೆ ಅದೇ ಹೊತ್ತಿಗೆ ಬಚ್ಚಲು ಅರ್ಜೆಂಟು.

ಹಾಗಾಗಿ ಅಡುಗೆ ಬೀದಿಯಲ್ಲಿ,
ಹೊಂಗೆ ಮರದ ಕೆಳಗೆ, ಬಂಡಿಯ ಮೇಲೆ.
ಪೆಟ್ಟಿಗೆಯ ಮುಚ್ಚಳ ಹಿಂದಕ್ಕೆ ಮಡಚಿ
ಗುಜರಿಯಲ್ಲಿ ಸಿಕ್ಕ ಫ್ರಿಜ್ಜಿನ ಜಾಲರಿ ಅಡ್ಡ ಇಟ್ಟೆ.
ಅಳೆದು ತಂದ ಹಾಗೆ, ಪೆಟ್ಟಿಗೆಯಷ್ಟೇ ಉದ್ದ ಬಂಗುಡೆ.
ಮೈಗೆ ಮೂರು ಗೀರು, ಉಪ್ಪು, ಅರಿಸಿನ, ಖಾರದಪುಡಿ,
ಜಜ್ಜಿದ ಬೆಳ್ಳುಳ್ಳಿ, ಹುಣಸೆ ಹುಳಿ.
ಇದಕ್ಕಿಂತ ಹೆಚ್ಚು ನನಗೆ ಬರುವುದಿಲ್ಲ.

ಆದರೆ ಶಾಖ ಬರುತ್ತದೆ.
ರೇಷ್ಮೆಗೆ ಎಷ್ಟು, ಖಾದಿಗೆ ಎಷ್ಟು,
ಇಪ್ಪತ್ತೆರಡು ವರ್ಷ ಈ ಕೈ ಕಾದು ಕಾದೇ ಕಲಿತಿದೆ.
ಬೆರಳ ತುದಿಯಿಂದ ನೀರು ಸಿಡಿಸಿದೆ: ಚುಂಯ್.
ರೇಷ್ಮೆಗಿಂತ ಸ್ವಲ್ಪ ಮೇಲೆ, ಖಾದಿಗಿಂತ ಕೆಳಗೆ.

ಆದರೂ ಮೊದಲ ಮೀನು ಅಂಟಿಕೊಂಡಿತು.
ತಿರುವಿದರೆ ಚರ್ಮ ಜಾಲರಿಯಲ್ಲೇ ಉಳಿಯಿತು.
ಹೀಗೇ ಒಂದು ಸಲ ಪಾಲಿಯೆಸ್ಟರ್ ಸೀರೆ,
ಆರುನೂರು ದಂಡ ತೆತ್ತಿದ್ದೆ.
"ಬಟ್ಟೆಗೂ ಅವಸರ, ಮೀನಿಗೂ ಅವಸರ ಕಣೋ ನಿಂಗೆ.
ತಾನಾಗಿ ಬಿಡೋವರೆಗೆ ಮುಟ್ಟಬಾರದು"
ಎಂದಳು ಅವ್ವ, ಮೆಟ್ಟಿಲ ಮೇಲೆ ಕೂತು.
ಕಾದೆ.
ಎರಡನೆಯದು ತಾನಾಗಿ ಬಿಟ್ಟಿತು.

ಎಣ್ಣೆ ತೊಟ್ಟಿಕ್ಕಿ ಕೆಂಡ ಭಗ್ಗೆಂದಾಗ
ಎದುರುಮನೆ ಬೆಕ್ಕು, ಹಾಲಿನ ಬೂತಿನ ಹುಡುಗ,
ಆಟೋ ನಿಲ್ಲಿಸಿದ ಮೆಹಬೂಬಣ್ಣ
ಏನೋ ಕೆಲಸ ಇದ್ದವರಂತೆ ಬಂದರು.
ಮೆಹಬೂಬಣ್ಣ ಮಾತ್ರ ಒಂದು ನಿಂಬೆಹಣ್ಣು ತಂದ.

ಒಂಬತ್ತೂ ನಲವತ್ತಕ್ಕೆ ಪುಟ್ಟತಾಯಿ.
ಕೈಯಲ್ಲಿ ಫಿನಾಯಿಲಿನ ವಾಸನೆ,
ಯಾವ ಸೋಪಿಗೂ ಹೋಗದ್ದು.
ಮುದ್ದೆ, ಹಸಿ ಈರುಳ್ಳಿ, ನಾಲ್ಕು ಮೀನು, ಐದು ತಟ್ಟೆ.
ವನಜಾ ಮುಳ್ಳು ಬಿಡಿಸಿ ಅಜ್ಜಿಯ ತಟ್ಟೆಗಿಟ್ಟಳು.
ಲೋಹಿತ ಬಾಲ ಕಟಕಟ ಅಗಿದು ಹಪ್ಪಳ ಅಂದ.
ಚರ್ಮ ಹೋದ ಮೀನನ್ನು ನನ್ನ ಕಡೆ ಎಳೆದುಕೊಂಡೆ,
ಅವಳು ಅದನ್ನೇ ಅರ್ಧ ಮುರಿದಳು.

ತಿಂದಳು. ಬೆರಳು ಮೂಸಿದಳು, ಮತ್ತೊಮ್ಮೆ ಮೂಸಿದಳು.
"ಫಿನಾಯಿಲು ಹೋಯ್ತು ನೋಡು" ಅಂದಳು.
ಚೆನ್ನಾಗಿದೆ ಅನ್ನಲಿಲ್ಲ.

ಬೆಳಿಗ್ಗೆ ಪೆಟ್ಟಿಗೆಗೆ ಹೊಸ ಇದ್ದಿಲು.
ಗಿರಾಕಿಯ ಬಿಳಿ ಅಂಗಿ ಮುಟ್ಟುವ ಮುಂಚೆ
ನನ್ನ ಹಳೇ ಲುಂಗಿಯ ಮೇಲೆ ಒಮ್ಮೆ ಎಳೆದು ನೋಡಿದೆ.
ಬಂತು: ಎಣ್ಣೆಯ ಒಂದು ಗೆರೆ, ಅರ್ಧ ಬಾಲ.
ಹುಣಸೆಹಣ್ಣು ಹಾಕಿ ಪೆಟ್ಟಿಗೆಯ ತಳ ಉಜ್ಜಿದೆ.
ಲುಂಗಿ ಮಾತ್ರ ಹಾಗೇ ಉಟ್ಟುಕೊಂಡು
ಐವತ್ತೆರಡು ಬಟ್ಟೆಯ ಗಂಟು ಹೊತ್ತು ಹೊರಟೆ.