ಸತ್ತ ಲೈನು

ಮೂವತ್ತೊಂದು ವರ್ಷ ಟೆಲಿಫೋನ್ ಕಂಬ ಹತ್ತಿದವ ನಾನು.
ರಾಯಚೂರಾಗ ತೀನ್ ಕಂದೀಲಿನಿಂದ ಸ್ಟೇಷನ್ನಿನ ತನಕ
ಮನೆಗಳ ಬೆನ್ನು ನನಗ ಗೊತ್ತು.
ಕಳ್ಳ ಮೊದಲು ಬಾಗಿಲಿಗೆ ಹೋಗೂದಿಲ್ಲ, ಸುಭದ್ರಾಬಾಯಿ,
ಬಚ್ಚಲ ಪೈಪಿನ ಪಕ್ಕ ಜೋತುಬಿದ್ದ
ಈ ಕರೀ ವಾಯರಿಗೆ ಕೈ ಹಾಕ್ತಾನ.
ಕಟ್ ಅಂದ್ರ ಆತು,
ನಿಮ್ಮ ಅಲಾರಂ ಬಾಯಿ ಕಟ್ಟಿದ ನಾಯಿ.

ಅದಕ್ಕ ಗೋಡೆ ಕೊರೆದೆ.
ಕೋಟೆಗೆ ಹಾಕೂವಂಥ ಕಲ್ಲು, ಎರಡು ಬಿಟ್ ಮುರಿದವು.
ಹೊಸ ತಂತಿ ಕಬ್ಬಿಣದ ಕೊಳವಿಯೊಳಗ, ಕೊಳವಿ ಮಣ್ಣೊಳಗ.
ಹಳೇದನ್ನ ಹಾಂಗೇ ಬಿಟ್ಟೀನಿ, ಜೋತಾಡಲಿ;
ಪಾಪ, ಅವಂಗೂ ಕತ್ತರಿಸಾಕ ಏನಾರ ಬೇಕಲ್ಲ.

ಪೆಟ್ಟಿಗೆಗೆ ಕಲಿಸಿದ್ದು ಒಂದೇ ಪಾಠ:
ಗುಂಯ್ ಅನ್ನೂ ಸದ್ದು ಕೇಳೂತನಕ ಸುಮ್ಮನಿರು,
ಅದು ನಿಂತ ಗಳಿಗೆಗೆ ಒದರು.

"ಇಲಿ ಕಡಿದ್ರ?" ಅಂದರು ಸುಭದ್ರಾಬಾಯಿ, ಚಹಾ ಕೊಡ್ತಾ.
ಆಗೂ ಒದರತೈತ್ರಿ.
ಕಳ್ಳ ಯಾವುದು, ಇಲಿ ಯಾವುದು,
ಅದಕ್ಕ ತಿಳಿಯಂಗಿಲ್ಲ.
ಸದ್ದು ಇಲ್ಲ ಅನ್ನೂದಷ್ಟೇ ತಿಳೀತೈತಿ.

ಅವತ್ತು ರಾತ್ರಿ ತಟ್ಟನೆ ಎಚ್ಚರಾತು.
ಸದ್ದಿಗಲ್ಲ.
ತಿಮ್ಮಲಮ್ಮನ ಗೊರಕೆ ನಿಂತಿತ್ತು.
ಕತ್ತಲದಾಗ ಅಕಿ ಮೂಗಿನ ಹತ್ತಿರ ಬೆರಳು ಹಿಡಿದೆ.
"ಏನ್ರೀ ಅದು?" ಅಂದಳು.
"ಏನಿಲ್ಲ, ಮಲಗು. ಲೈನ್ ನೋಡಿದೆ."